ಬಿಸಿನೀರಿನ ಸಿಲಿಂಡರ್ ತಣ್ಣಗಾದಾಗ: ನ್ಯೂಜಿಲೆಂಡಿನ ಮನೆಗಳಲ್ಲಿ ರಿಪಲ್ ರಿಲೇ ದೋಷವನ್ನು ಪತ್ತೆಹಚ್ಚುವ ಕ್ರಮ

ಬೆಂಗಳೂರಿನ ಅಥವಾ ಮೈಸೂರಿನ ಸ್ನಾನದ ಮನೆಯಲ್ಲಿ ಗೋಡೆಗೆ ತೂಗುವ 15 ಅಥವಾ 25 ಲೀಟರಿನ ಗೀಸರ್‌ಗೆ ಒಗ್ಗಿಕೊಂಡವರು ಆಕ್ಲೆಂಡಿನಲ್ಲೋ ವೆಲಿಂಗ್ಟನ್ನಿನಲ್ಲೋ ಮನೆ ಮಾಡಿದಾಗ ಮೊದಮೊದಲು ಗಮನಕ್ಕೆ ಬಾರದ ಸಂಗತಿಯೊಂದಿದೆ. ಇಲ್ಲಿ ನೀರು ಕಾಯುವುದು ಬೀರುವಿನೊಳಗೆ ನಿಂತ 135 ಅಥವಾ 180 ಲೀಟರಿನ ಸಿಲಿಂಡರಿನಲ್ಲಿ. ಅದಕ್ಕೆ ವಿದ್ಯುತ್ತನ್ನು ಕೊಡುವ ಮತ್ತು ತಡೆಯುವ ಅಧಿಕಾರ ಅನೇಕ ಮನೆಗಳಲ್ಲಿ ಮನೆಯವರದ್ದಲ್ಲ, ಆ ಊರಿನ ವಿದ್ಯುತ್ ತಂತಿಗಳ ಜಾಲವನ್ನು ನಡೆಸುವ ಲೈನ್ಸ್ ಕಂಪನಿಯದ್ದು. ಮೀಟರ್ ಬೋರ್ಡಿನಲ್ಲಿರುವ ರಿಪಲ್ ರಿಲೇ ಎಂಬ ಚಿಕ್ಕ ಪೆಟ್ಟಿಗೆಯು ದೂರದ ಸಬ್‌ಸ್ಟೇಷನ್‌ನಿಂದ ಬರುವ ಆಜ್ಞೆಯನ್ನು ಕೇಳಿ ಸಿಲಿಂಡರಿನ ಸರ್ಕ್ಯೂಟನ್ನು ತೆರೆಯುತ್ತದೆ (ಅಂದರೆ ವಿದ್ಯುತ್ತನ್ನು ಕಡಿಯುತ್ತದೆ), ಮುಚ್ಚುತ್ತದೆ (ಅಂದರೆ ವಿದ್ಯುತ್ ಹರಿಯಬಿಡುತ್ತದೆ). ಈ ವ್ಯವಸ್ಥೆ 1950ರ ದಶಕದಿಂದಲೂ ಈ ದೇಶದಲ್ಲಿ ಬಳಕೆಯಲ್ಲಿದೆ. ಅದು ಸರಿಯಾಗಿ ನಡೆಯುವವರೆಗೆ ಯಾರಿಗೂ ಅದರ ಇರವೇ ತಿಳಿಯುವುದಿಲ್ಲ. ಒಂದು ದಿನ ಬೆಳಿಗ್ಗೆ ನಲ್ಲಿಯಲ್ಲಿ ತಣ್ಣೀರು ಬಂದಾಗ ಮಾತ್ರ ಯಾರನ್ನು ಕರೆಯಬೇಕು, ಏನನ್ನು ಹೇಳಬೇಕು ಎಂಬ ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗದಿರುವುದಕ್ಕೆ ಕಾರಣವಿದೆ. ನೀವು ಬಿಲ್ ಕಟ್ಟುವುದು ಚಿಲ್ಲರೆ ಮಾರಾಟದ ಕಂಪನಿಗೆ. ತಂತಿಗಳು ಮತ್ತು ಆಜ್ಞೆಯ ಸಂಕೇತ ಲೈನ್ಸ್ ಕಂಪನಿಗೆ ಸೇರಿದವು. ಆಕ್ಲೆಂಡಿನಲ್ಲಿ ಅದು ವೆಕ್ಟರ್, ಕ್ರೈಸ್ಟ್‌ಚರ್ಚಿನಲ್ಲಿ ಓರಿಯನ್, ಹ್ಯಾಮಿಲ್ಟನ್ನಿನಲ್ಲಿ ಡಬ್ಲ್ಯುಇಎಲ್ ನೆಟ್‌ವರ್ಕ್ಸ್, ಹೀಗೆ ಊರಿಗೊಂದು. ಮೀಟರು, ಅನೇಕ ಕಡೆ ರಿಲೇ ಕೂಡ, ಮೂರನೆಯದೊಂದು ಮೀಟರ್ ಕಂಪನಿಯ ಸ್ವತ್ತಾಗಿರಬಹುದು. ಸಿಲಿಂಡರು, ಅದರ ತಾಪವನ್ನು ಹಿಡಿತದಲ್ಲಿಡುವ ಥರ್ಮೋಸ್ಟ್ಯಾಟು, ನೀರು ಕಾಯಿಸುವ ಎಲಿಮೆಂಟು ಮತ್ತು ಅಲ್ಲಿಗೆ ಹೋಗುವ ತಂತಿ ಮನೆಯ ಮಾಲೀಕರವು. ದೋಷ ಯಾವ ಕೊಂಡಿಯಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದರಲ್ಲಿಯೇ ದಿನಗಳು ಕಳೆಯುತ್ತವೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿದ ಮೇಲೆ ದೋಷ ರಿಲೇಯಲ್ಲಿದೆಯೆಂದು ತಿಳಿದರೆ ಅವರ ಶುಲ್ಕವನ್ನು ನೀವೇ ಕೊಡಬೇಕಾಗುತ್ತದೆ. ಆದ್ದರಿಂದ ಯಾವ ಉಪಕರಣವನ್ನೂ ಬಿಚ್ಚದೆ, ಕಣ್ಣು, ಕಿವಿ, ಗಡಿಯಾರ ಮತ್ತು ಬಿಲ್ಲಿನ ಸಹಾಯದಿಂದ ದೋಷದ ಜಾಗವನ್ನು ಎಷ್ಟು ಹತ್ತಿರದವರೆಗೆ ಗುರುತಿಸಬಹುದೋ ಅಷ್ಟನ್ನು ಮಾಡಿಕೊಳ್ಳುವುದೇ ಈ ಬರಹದ ಉದ್ದೇಶ.

ಮೊದಲು ತಿಳಿಯಬೇಕಾದ ಅಪಾಯ

ಉಳಿದೆಲ್ಲಕ್ಕಿಂತ ಮುಂಚೆ ಈ ಮಾತನ್ನು ಹೇಳಬೇಕು, ಏಕೆಂದರೆ ಇದನ್ನು ತಿಳಿಯದವರ ಪ್ರಾಣಕ್ಕೆ ಅಪಾಯವಿದೆ. ರಿಲೇ ತೆರೆದ ಸ್ಥಿತಿಯಲ್ಲಿದ್ದಾಗ ಸಿಲಿಂಡರಿನ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಇರುವುದಿಲ್ಲ. ಟೆಸ್ಟರ್ ಹಿಡಿದವರಿಗೆ ಸೊನ್ನೆ ಕಾಣುತ್ತದೆ. ಅದನ್ನು ನಂಬಿ, ಸರ್ಕ್ಯೂಟ್ ಬ್ರೇಕರ್ ಇಳಿಸದೆ ಸಿಲಿಂಡರಿನ ಮುಚ್ಚಳ ತೆಗೆದು ಸ್ಕ್ರೂ ಸಡಿಲಿಸುತ್ತಿರುವ ಹೊತ್ತಿನಲ್ಲಿ ಸಬ್‌ಸ್ಟೇಷನ್‌ನಿಂದ ಆಜ್ಞೆ ಬಂದರೆ ಯಾವ ಸೂಚನೆಯೂ ಇಲ್ಲದೆ 230 ವೋಲ್ಟ್ ಅಲ್ಲಿಗೆ ಬಂದು ನಿಲ್ಲುತ್ತದೆ. ಮನೆಯೊಳಗಿನ ಯಾರೂ ಸ್ವಿಚ್ ಮುಟ್ಟಿರುವುದಿಲ್ಲ, ಯಾರೂ ಎಚ್ಚರಿಸಲಾರರು. ನಿಯಂತ್ರಣಕ್ಕೆಂದು ಇಟ್ಟ ರಿಲೇಯನ್ನು ಸುರಕ್ಷತೆಯ ಸ್ವಿಚ್ ಎಂದು ಎಂದಿಗೂ ಭಾವಿಸಬಾರದು. ಸಿಲಿಂಡರಿನ ಮುಚ್ಚಳವನ್ನಾಗಲಿ ಮೀಟರ್ ಬೋರ್ಡಿನ ಒಳಭಾಗವನ್ನಾಗಲಿ ತೆರೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಸೇರಿದ್ದು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಮನೆಯವರು ಮುಟ್ಟಬೇಕಾಗಿರುವುದು ನಲ್ಲಿಯನ್ನು ಮತ್ತು ಬ್ರೇಕರಿನ ಗುಂಡಿಯನ್ನು ಮಾತ್ರ.

ರಿಲೇ ಅಥವಾ ಮೀಟರಿಗೆ ಹಾಕಿರುವ ಮುದ್ರೆಯ ವಿಷಯವೂ ಹಾಗೆಯೇ. ಅದನ್ನು ಒಡೆದು ಎರಡು ತಂತಿಗಳನ್ನು ಸೇರಿಸಿದರೆ ನೀರು ಬಿಸಿಯಾಗುತ್ತದೆ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಆ ಸಲಹೆಯನ್ನು ತೆಗೆದುಕೊಳ್ಳಬೇಡಿ. ಮುದ್ರೆಯ ಹಿಂದಿರುವ ತಂತಿಗಳಿಗೆ ನಿಮ್ಮ ಮನೆಯ ಮುಖ್ಯ ಸ್ವಿಚ್ ಅನ್ವಯಿಸದೇ ಇರಬಹುದು, ಅಂದರೆ ಎಲ್ಲವನ್ನೂ ಆರಿಸಿದ್ದೇನೆಂದು ನೀವು ಭಾವಿಸಿದಾಗಲೂ ಅಲ್ಲಿ ವಿದ್ಯುತ್ ಹರಿಯುತ್ತಿರಬಹುದು. ಸಿಲಿಂಡರನ್ನು ದೂರದಿಂದ ಆರಿಸಲು ಬಿಟ್ಟುಕೊಟ್ಟಿದ್ದಕ್ಕಾಗಿ ಸಿಗುವ ರಿಯಾಯಿತಿ ದರದ ಸಂಪರ್ಕವನ್ನು ಅನುಮತಿಯಿಲ್ಲದೆ ಬದಲಿಸುವುದರಿಂದ ಬರುವ ಕಾನೂನಿನ ತೊಡಕು ಬೇರೆ.

ಆಜ್ಞೆ ಬರುವ ಬಗೆ

ಸಬ್‌ಸ್ಟೇಷನ್‌ನಲ್ಲಿರುವ ಯಂತ್ರವು ಸಾಮಾನ್ಯ 50 ಹರ್ಟ್ಸ್ ವಿದ್ಯುತ್ತಿನ ಮೇಲೆ ಕೆಲವು ನೂರರಿಂದ ಸುಮಾರು ಸಾವಿರ ಹರ್ಟ್ಸ್‌ವರೆಗಿನ, ಕೆಲವೇ ವೋಲ್ಟಿನಷ್ಟು ಬಲದ ಇನ್ನೊಂದು ಅಲೆಯನ್ನು ಸೇರಿಸುತ್ತದೆ. ಆ ಅಲೆಯನ್ನು ನಿಗದಿತ ಅಂತರದಲ್ಲಿ ಹಚ್ಚಿ ಆರಿಸುವ ಮೂಲಕ ಒಂದು ಸಂದೇಶ ರೂಪುಗೊಳ್ಳುತ್ತದೆ. ಬಳಕೆಯಲ್ಲಿರುವ ಕ್ರಮಗಳಲ್ಲಿ ಒಂದಾದ ಡೆಕಾಬಿಟ್‌ನಲ್ಲಿ ಹತ್ತು ಕಾಲಖಂಡಗಳಿರುತ್ತವೆ, ಅವುಗಳಲ್ಲಿ ಐದರಲ್ಲಿ ಅಲೆ ಇರುತ್ತದೆ, ಐದರಲ್ಲಿ ಇರುವುದಿಲ್ಲ. ಯಾವ ಐದು ಎಂಬುದೇ ಸಂದೇಶ. ಊರಿನ ಎಲ್ಲ ರಿಲೇಗಳಿಗೂ ಎಲ್ಲ ಸಂದೇಶಗಳೂ ಕೇಳಿಸುತ್ತವೆಯಾದರೂ ಪ್ರತಿಯೊಂದೂ ತನ್ನ ಗುಂಪಿನ ಸಂದೇಶಕ್ಕೆ ಮಾತ್ರ ಓಗೊಡುತ್ತದೆ. ಕೆಲವು ಹಳೆಯ ಬಡಾವಣೆಗಳಲ್ಲಿ ಮನೆಮನೆಗೂ ಸಂಕೇತವನ್ನು ಗ್ರಹಿಸುವ ಯಂತ್ರವಿರುವುದಿಲ್ಲ. ಬೀದಿಗೊಂದು ಯಂತ್ರವು ಪೈಲಟ್ ವೈರ್ ಎಂಬ ಪ್ರತ್ಯೇಕ ತಂತಿಯ ಮೂಲಕ ಹಲವು ಮನೆಗಳ ರಿಲೇಗಳನ್ನು ಒಟ್ಟಿಗೆ ನಡೆಸುತ್ತದೆ. ಹೊಸ ಮನೆಗಳಲ್ಲಿ ರಿಲೇ ಸ್ಮಾರ್ಟ್ ಮೀಟರಿನ ಒಳಗೇ ಅಡಗಿರಬಹುದು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ, ದೋಷಗಳ ಸ್ವರೂಪ ಇದರಿಂದಲೇ ಅರ್ಥವಾಗುತ್ತದೆ. ರಿಲೇ ತಾನಾಗಿ ಯೋಚಿಸುವುದಿಲ್ಲ; ಕೊನೆಯ ಆಜ್ಞೆ ಏನಿತ್ತೋ ಆ ಸ್ಥಿತಿಯಲ್ಲಿ ಉಳಿಯುವ ಬಗೆಯ ರಿಲೇಗಳೇ ಹೆಚ್ಚು. ‘ಆರಿಸು’ ಎಂಬ ಸಂದೇಶ ತಲುಪಿ, ಕರೆಂಟ್ ಹೋದದ್ದರಿಂದಲೋ ಸಂಕೇತ ಕ್ಷೀಣಿಸಿದ್ದರಿಂದಲೋ ‘ಹಚ್ಚು’ ಎಂಬುದು ತಲುಪದೇ ಹೋದರೆ ಯಾವ ಭಾಗವೂ ಕೆಟ್ಟಿರದಿದ್ದರೂ ನೀರು ತಣ್ಣಗಾಗುತ್ತದೆ. ಅಂಥ ದೋಷ ಮುಂದಿನ ಆಜ್ಞೆಯೊಂದಿಗೆ ತಾನೇ ಸರಿಹೋಗುತ್ತದೆ. ಹೋಗದಿದ್ದರೆ ಮಾತ್ರ ಹುಡುಕಾಟ ಶುರುವಾಗಬೇಕು.

ಗಡಿಯಾರವನ್ನು ನೋಡಿ

ನೀರು ತಣ್ಣಗಿದೆ ಎಂದು ಕಂಡ ಸಮಯವನ್ನು ಬರೆದಿಡಿ. ಚಳಿಗಾಲದಲ್ಲಿ, ಅಂದರೆ ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ, ಬೆಳಗಿನ ಏಳರಿಂದ ಒಂಬತ್ತರ ಆಸುಪಾಸಿನಲ್ಲಿ ಮತ್ತು ಸಂಜೆ ಐದರಿಂದ ಒಂಬತ್ತರ ನಡುವೆ, ವಿದ್ಯುತ್ತಿನ ಬೇಡಿಕೆ ಏರಿದಾಗ, ಸಿಲಿಂಡರುಗಳನ್ನು ಆರಿಸಿಡುವುದು ಈ ವ್ಯವಸ್ಥೆಯ ಕೆಲಸವೇ ಆಗಿದೆ. ಆ ಹೊತ್ತಿನಲ್ಲಿ ಸಿಲಿಂಡರ್ ಕಾಯದಿರುವುದು ದೋಷವಲ್ಲ. ತುಂಬಿದ ಸಿಲಿಂಡರು ಅಷ್ಟು ಹೊತ್ತಿಗೆ ತಣ್ಣಗಾಗುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮನೆಗೆ ನೆಂಟರು ಬಂದು ನೀರಿನ ಬಳಕೆ ಏರಿದಾಗ ಗೊತ್ತಾಗುತ್ತದೆ.

ಲೆಕ್ಕ ಹೀಗಿದೆ. 60 ಡಿಗ್ರಿಯ ನೀರಿಗೆ 15 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಯ ಸ್ನಾನದ ನೀರು ಮಾಡಿಕೊಂಡರೆ, ನಿಮಿಷಕ್ಕೆ 10 ಲೀಟರ್ ಸುರಿಸುವ ಶವರ್ ಸಿಲಿಂಡರಿನಿಂದ ಸುಮಾರು ಐದೂವರೆ ಲೀಟರ್ ಬಿಸಿನೀರನ್ನು ಎಳೆಯುತ್ತದೆ. 180 ಲೀಟರಿನ ಸಿಲಿಂಡರು ಹೆಚ್ಚೆಂದರೆ ಅರ್ಧ ಗಂಟೆಯ ಶವರ್‌ಗೆ ಸಾಕು. 135 ಲೀಟರಿನದು 25 ನಿಮಿಷವೂ ಬಾರದು. ದೀಪಾವಳಿಯ ಎಣ್ಣೆಸ್ನಾನಕ್ಕೆ ಮನೆಮಂದಿಯೆಲ್ಲ ಬೆಳಿಗ್ಗೆ ಒಬ್ಬರಾದ ಮೇಲೊಬ್ಬರು ಬಚ್ಚಲಿಗೆ ಹೋದರೆ ಕೊನೆಯವರಿಗೆ ತಣ್ಣೀರು ಬರುವುದು ಸಹಜ, ಅದಕ್ಕೆ ರಿಲೇಯನ್ನು ದೂರಬೇಕಾಗಿಲ್ಲ. ಮರುದಿನ ಮುಂಜಾನೆ ಐದು ಗಂಟೆಗೆ, ಯಾರೂ ನೀರು ಬಳಸುವ ಮೊದಲು, ನಲ್ಲಿ ತಿರುಗಿಸಿ ನೋಡಿ. ಆಗ ಬಿಸಿಯಿದ್ದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ. ಇಡೀ ರಾತ್ರಿ ಕಳೆದ ಮೇಲೂ ತಣ್ಣಗಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು.

ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಬರುತ್ತಿದ್ದರೆ ಇನ್ನೊಂದು ಸಾಧ್ಯತೆಯಿದೆ. ಸಿಲಿಂಡರಿನ ನೀರಿಗೆ ತಣ್ಣೀರು ಬೆರೆಸಿ ಸುಡದಂತೆ ಮಾಡುವ ಟೆಂಪರಿಂಗ್ ವಾಲ್ವ್ ಕೆಟ್ಟಾಗಲೂ ಹೀಗೆಯೇ ಆಗುತ್ತದೆ. ನಲ್ಲಿ ಹರಿಯುತ್ತಿರುವಾಗ ಸಿಲಿಂಡರಿನ ತಲೆಯಿಂದ ಹೊರಡುವ ತಾಮ್ರದ ಕೊಳವೆಯ ಹತ್ತಿರ ಕೈ ಒಯ್ಯಿರಿ. ಸುಡುವಷ್ಟು ಬಿಸಿಯಿರಬಹುದಾದ್ದರಿಂದ ಹಿಡಿಯಬೇಡಿ. ಕೊಳವೆ ಕಾದಿದ್ದು ನಲ್ಲಿಯ ನೀರು ಮಾತ್ರ ಬೆಚ್ಚಗಿದ್ದರೆ ಕರೆಯಬೇಕಾದದ್ದು ಪ್ಲಂಬರನ್ನು.

ಬಿಲ್ಲಿನಲ್ಲಿರುವ ಸಂಕೇತ

ಹೆಚ್ಚಿನವರು ಓದದೇ ಬಿಡುವ ಒಂದು ಸಾಲು ಅನೇಕ ಬಿಲ್ಲುಗಳ ಮೀಟರ್ ವಿವರದಲ್ಲಿರುತ್ತದೆ. ಅಲ್ಲಿ ಯುಎನ್ (UN), ಸಿಎನ್ (CN) ಅಥವಾ ಐಎನ್ (IN) ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ ಇರುವುದನ್ನು ಹುಡುಕಿ. ಯುಎನ್ ಎಂದರೆ ನಿಯಂತ್ರಣವಿಲ್ಲದ ಸರಬರಾಜು. ಸಿಎನ್ ಎಂದರೆ ಪ್ರತ್ಯೇಕವಾಗಿ ಅಳೆಯುವ, ನಿಯಂತ್ರಿತ ಸರಬರಾಜು. ಐಎನ್ ಎಂದರೆ ನಿಯಂತ್ರಿತ ಸಿಲಿಂಡರೂ ಉಳಿದ ಮನೆಯೂ ಒಂದೇ ಲೆಕ್ಕದಲ್ಲಿ ಸೇರಿರುವ ಸರಬರಾಜು. ಮುಂದಿನ ಸಂಖ್ಯೆಯು ದಿನಕ್ಕೆ ಎಷ್ಟು ಗಂಟೆ ವಿದ್ಯುತ್ ಲಭ್ಯವಿರುತ್ತದೆ ಎಂಬುದನ್ನು ತಿಳಿಸುತ್ತದೆ. 17 ಅಥವಾ 19 ಎಂದಿದ್ದರೆ ದಿನದ ಬಹುಭಾಗ ಸಿಲಿಂಡರ್ ಕಾಯಬೇಕು. 8ರ ಆಸುಪಾಸಿನಲ್ಲಿದ್ದರೆ ಅದು ರಾತ್ರಿ ಮಾತ್ರ ಕಾಯುವ ಸಂಪರ್ಕ. ಚಿಕ್ಕ ಸಿಲಿಂಡರ್ ಇರುವ ಮನೆಗೆ ಅಂಥ ದರ ಒಪ್ಪುವುದಿಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಮಕ್ಕಳಿರುವ ಯಾವ ಮನೆಗೂ ದೊಡ್ಡ ಸಿಲಿಂಡರಿಲ್ಲದೆ ಅದನ್ನು ಆರಿಸಿಕೊಳ್ಳಬಾರದು. ಬಿಲ್ಲಿನಲ್ಲಿ ಯುಎನ್24 ಒಂದೇ ಇದ್ದರೆ ನಿಮ್ಮ ಸಿಲಿಂಡರಿಗೆ ದೂರನಿಯಂತ್ರಣವಿರುವ ಸಂಭವ ಕಡಿಮೆ. ಹುಡುಕಾಟವನ್ನು ಮನೆಯೊಳಗಿನಿಂದಲೇ ಆರಂಭಿಸಬೇಕು.

ಇತ್ತೀಚೆಗೆ ಮೀಟರ್ ಬದಲಾಯಿಸಿದ್ದಾರೆಯೇ, ನೀವು ಮಾರಾಟದ ಕಂಪನಿಯನ್ನು ಬದಲಿಸಿದ್ದೀರೇ, ಮನೆ ಕೆಲವು ಕಾಲ ಖಾಲಿ ಬಿದ್ದಿತ್ತೇ ಎಂಬುದನ್ನೂ ನೆನಪಿಸಿಕೊಳ್ಳಿ. ಹೊಸ ಮೀಟರಿಗೆ ನಿಯಂತ್ರಣದ ಸೂಚನೆ ತುಂಬುವುದು ಬಿಟ್ಟುಹೋದಾಗ ಅಥವಾ ಸಿಲಿಂಡರಿನ ತಂತಿ ತಪ್ಪು ಟರ್ಮಿನಲ್‌ಗೆ ಹೋದಾಗ ನೀರು ಅದೇ ವಾರ ತಣ್ಣಗಾಗುತ್ತದೆ. ಇಂಥ ಬದಲಾವಣೆಯ ಬೆನ್ನಿಗೇ ದೋಷ ಕಾಣಿಸಿಕೊಂಡಿದ್ದರೆ ಉಳಿದ ಪರೀಕ್ಷೆಗಳಿಗೆ ಕಾಯದೆ ಮಾರಾಟದ ಕಂಪನಿಗೆ ಫೋನ್ ಮಾಡಿ, ಬದಲಾವಣೆ ನಡೆದ ದಿನಾಂಕವನ್ನು ತಿಳಿಸಿ.

ನೆರೆಮನೆ ಮತ್ತು ಊರಿನ ಸ್ಥಿತಿ

ಪಕ್ಕದ ಮನೆಯಲ್ಲಿ ಬಿಸಿನೀರು ಬರುತ್ತಿದೆಯೇ ಎಂದು ಕೇಳುವುದು ಅತ್ಯಂತ ಸರಳವಾದ, ಅತ್ಯಂತ ಉಪಯುಕ್ತವಾದ ಪರೀಕ್ಷೆ. ಪೈಲಟ್ ವೈರ್ ಇರುವ ಬೀದಿಯಲ್ಲಿ ನಾಲ್ಕಾರು ಮನೆಗಳಲ್ಲಿ ಒಟ್ಟಿಗೆ ನೀರು ತಣ್ಣಗಾಗಿದ್ದರೆ ದೋಷ ಬೀದಿಯ ಯಂತ್ರದ್ದು, ನಿಮ್ಮದಲ್ಲ. ಇಡೀ ಬಡಾವಣೆಯಲ್ಲಿ ಹಾಗಾಗಿದ್ದರೆ ಲೈನ್ಸ್ ಕಂಪನಿ ಬೇಕೆಂದೇ ಸಿಲಿಂಡರುಗಳನ್ನು ತಡೆದಿರಬಹುದು. ದೊಡ್ಡ ವಿದ್ಯುತ್ ನಿಲುಗಡೆಯ ನಂತರ ಎಲ್ಲ ಸಿಲಿಂಡರುಗಳೂ ಏಕಕಾಲಕ್ಕೆ ಕಾಯತೊಡಗಿದರೆ ಜಾಲ ಮತ್ತೆ ಕುಸಿಯಬಹುದು, ಆದ್ದರಿಂದ ಗುಂಪುಗುಂಪಾಗಿ ಬಿಡುತ್ತಾರೆ. 2021ರ ಆಗಸ್ಟ್ 9ರ ಕೊರೆಯುವ ಚಳಿಯ ಸಂಜೆ ರಾಷ್ಟ್ರೀಯ ಗ್ರಿಡ್ ನಡೆಸುವ ಟ್ರಾನ್ಸ್‌ಪವರ್ ಬೇಡಿಕೆಯನ್ನು ತಗ್ಗಿಸುವಂತೆ ಲೈನ್ಸ್ ಕಂಪನಿಗಳಿಗೆ ಸೂಚಿಸಿತು. ಬಿಸಿನೀರಿನ ನಿಯಂತ್ರಣ ಸಾಲದೆ ಹೋದ ಕಡೆಗಳಲ್ಲಿ 30,000ಕ್ಕೂ ಹೆಚ್ಚು ಮನೆಗಳ ವಿದ್ಯುತ್ತೇ ಕಡಿತಗೊಂಡಿತು. ದೀಪವೂ ಹೀಟರೂ ಆರಿ ಕತ್ತಲಲ್ಲಿ ಕುಳಿತುಕೊಳ್ಳುವುದಕ್ಕಿಂತ ಸಿಲಿಂಡರ್ ಎರಡು ಗಂಟೆ ತಡವಾಗಿ ಕಾಯುವುದು ಎಷ್ಟೋ ಮೇಲು. ಈ ಪುಟ್ಟ ರಿಲೇಯನ್ನು ಸುಸ್ಥಿತಿಯಲ್ಲಿಡುವುದು ಮನೆಯವರ ಹಿತಕ್ಕೂ ಊರಿನ ಹಿತಕ್ಕೂ ಬೇಕಾದ ಕೆಲಸ ಎಂದು ನಾನು ನಂಬುವುದು ಈ ಕಾರಣಕ್ಕಾಗಿ.

ಅಕ್ಕಪಕ್ಕದ ಎಲ್ಲರಿಗೂ ಬಿಸಿನೀರು ಬರುತ್ತಿದ್ದು ನಿಮಗೆ ಮಾತ್ರ ಇಲ್ಲವಾದರೆ ಮೀಟರ್ ಬೋರ್ಡಿನತ್ತ ನಡೆಯಿರಿ.

ಮೀಟರ್ ಬೋರ್ಡಿನಲ್ಲಿ ನೋಡಬೇಕಾದದ್ದು

ಮೊದಲು ಸಿಲಿಂಡರಿನ ಬ್ರೇಕರ್ ಅಥವಾ ಫ್ಯೂಸನ್ನು ಗುರುತಿಸಿ. ಸಾಮಾನ್ಯವಾಗಿ ಅದರ ಕೆಳಗೆ ಬಿಸಿನೀರು ಎಂಬರ್ಥದ ಚೀಟಿ ಇರುತ್ತದೆ. ಬ್ರೇಕರ್ ಕೆಳಗೆ ಬಿದ್ದಿದ್ದರೆ ಒಮ್ಮೆ ಮಾತ್ರ ಮೇಲಕ್ಕೆತ್ತಿ. ಅದು ಮತ್ತೆ ಬಿದ್ದರೆ ದೋಷ ಎಲಿಮೆಂಟಿನಲ್ಲೋ ತಂತಿಯಲ್ಲೋ ಇದೆ ಎಂದು ತಿಳಿದು ಹಾಗೆಯೇ ಬಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ತೆರೆದುಕೊಂಡೇ ಉಳಿದ ರಿಲೇ ಬ್ರೇಕರನ್ನು ಬೀಳಿಸುವುದಿಲ್ಲ. ಸಿಲಿಂಡರಿನ ಪಕ್ಕದ ಗೋಡೆಯಲ್ಲಿ ಪ್ರತ್ಯೇಕ ಸ್ವಿಚ್ ಇದ್ದರೆ ಅದನ್ನೂ ನೋಡಿ. ಬೀರುವಿನಲ್ಲಿ ಬಟ್ಟೆ ಜೋಡಿಸುವಾಗ ಯಾರದೋ ಕೈ ತಗುಲಿ ಆರಿಹೋಗಿರುವುದು ಅಪರೂಪವಲ್ಲ.

ಬ್ರೇಕರ್ ಮೇಲಿದ್ದೂ ನೀರು ತಣ್ಣಗಿದ್ದರೆ, ಸಿಲಿಂಡರ್ ವಿದ್ಯುತ್ತನ್ನು ಎಳೆಯುತ್ತಿದೆಯೇ ಎಂಬುದನ್ನು ಮೀಟರಿನಿಂದಲೇ ಕಂಡುಕೊಳ್ಳಬಹುದು. ಸ್ಮಾರ್ಟ್ ಮೀಟರಿನ ಮುಖದ ಮೇಲೆ ಮಿನುಗುವ ಕೆಂಪು ದೀಪವೊಂದಿರುತ್ತದೆ, ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದನ್ನು ಅಚ್ಚು ಹಾಕಿರುತ್ತಾರೆ. ಅದು 1000 ಎಂದಿಟ್ಟುಕೊಳ್ಳಿ. 3 ಕಿಲೋವ್ಯಾಟಿನ ಎಲಿಮೆಂಟ್ ಗಂಟೆಗೆ 3 ಯೂನಿಟ್ ಎಳೆಯುತ್ತದೆ, ಅಂದರೆ ಗಂಟೆಗೆ 3000 ಮಿನುಗು, 1.2 ಸೆಕೆಂಡಿಗೊಂದು. 2 ಕಿಲೋವ್ಯಾಟಿನದಾದರೆ 1.8 ಸೆಕೆಂಡಿಗೊಂದು. ರಾತ್ರಿ ಹನ್ನೊಂದರ ಮೇಲೆ, ಹೀಟರು, ಒಲೆ, ಬಟ್ಟೆ ಒಣಗಿಸುವ ಯಂತ್ರ ಮುಂತಾದ ದೊಡ್ಡ ಉಪಕರಣಗಳನ್ನೆಲ್ಲ ಆರಿಸಿ ಈ ದೀಪವನ್ನು ನೋಡಿ. ಫ್ರಿಜ್ಜೊಂದೇ ಓಡುತ್ತಿರುವ ಮನೆಯಲ್ಲಿ ಅದು ಅರ್ಧ ನಿಮಿಷಕ್ಕೋ ಮುಕ್ಕಾಲು ನಿಮಿಷಕ್ಕೋ ಒಮ್ಮೆ ಮಿನುಗುತ್ತದೆ. ಸೆಕೆಂಡಿಗೊಂದರಂತೆ ಮಿನುಗುತ್ತಿದ್ದು, ಸಿಲಿಂಡರಿನ ಬ್ರೇಕರ್ ಇಳಿಸಿದ ಕೂಡಲೇ ನಿಧಾನಗೊಂಡರೆ ಸಿಲಿಂಡರ್ ಆಗ ಕಾಯುತ್ತಿದೆ ಎಂದರ್ಥ: ರಿಲೇ ಮುಚ್ಚಿದೆ, ಎಲಿಮೆಂಟ್ ಜೀವಂತವಾಗಿದೆ. ತಣ್ಣೀರಿಗೆ ಬೇರೆ ಕಾರಣ ಹುಡುಕಬೇಕು. ಎಲ್ಲಾದರೂ ಬಿಸಿನೀರು ಸೋರುತ್ತಿರಬಹುದು, ಥರ್ಮೋಸ್ಟ್ಯಾಟ್ ತೀರ ಕೆಳಗೆ ಹೊಂದಿಸಿರಬಹುದು. ಪ್ರತ್ಯೇಕ ಸಿಎನ್ ಲೆಕ್ಕವಿರುವ ಮೀಟರಿನಲ್ಲಿ ಇದಕ್ಕಿಂತ ಸುಲಭದ ದಾರಿಯಿದೆ. ಮಲಗುವ ಮುನ್ನ ಆ ಲೆಕ್ಕದ ಅಂಕಿಯನ್ನು ಬರೆದುಕೊಂಡು ಬೆಳಿಗ್ಗೆ ಹೋಲಿಸಿ. ತಣ್ಣಗಿದ್ದ ಸಿಲಿಂಡರ್ ರಾತ್ರಿ ಕಾದಿದ್ದರೆ ಹಲವು ಯೂನಿಟ್ ಏರಿರಬೇಕು. ಅಂಕಿ ಕದಲದಿದ್ದರೆ ಒಂದೋ ರಿಲೇ ತೆರೆದೇ ಇದೆ, ಇಲ್ಲವೇ ಸಿಲಿಂಡರಿನೊಳಗೆ ಸರ್ಕ್ಯೂಟ್ ಕಡಿದಿದೆ.

ಈ ಎರಡನ್ನು ಬೇರ್ಪಡಿಸಲು ಮನೆಯವರಿಗೆ ಸಿಗುವ ಸುಳಿವುಗಳು ಕೆಲವು ಮಾತ್ರ. ಕೆಲವು ರಿಲೇಗಳಲ್ಲಿ ತೆರೆದಿದೆಯೇ ಮುಚ್ಚಿದೆಯೇ ಎಂದು ತೋರಿಸುವ ಚಿಕ್ಕ ಕಿಟಕಿಯೋ ದೀಪವೋ ಇರುತ್ತದೆ. ಕೆಲವು ಸ್ಮಾರ್ಟ್ ಮೀಟರುಗಳ ಪರದೆಯ ಮೇಲೆಯೂ ನಿಯಂತ್ರಣದ ಗುರುತು ಬರುತ್ತದೆ. ರಾತ್ರಿಯ ದರ ಆರಂಭವಾಗುವ ಹೊತ್ತಿನಲ್ಲಿ ಬೋರ್ಡಿನ ಬಳಿ ನಿಂತರೆ ಟಕ್ ಎಂಬ ಸದ್ದು ಕೇಳಿಸಬಹುದು. ಸಂಕೇತ ಬರುವಾಗ ಸೀಲಿಂಗ್ ಫ್ಯಾನ್ ಸಣ್ಣಗೆ ಗುಂಯ್‌ಗುಡುವುದು, ಕೆಲವು ಎಲ್‌ಇಡಿ ದೀಪಗಳು ಕ್ಷಣಕಾಲ ಮಿಣುಕುವುದು ಈ ದೇಶದಲ್ಲಿ ಹಲವರ ಅನುಭವ. ಅದು ಆದರೆ ಸಂಕೇತ ಮನೆಯವರೆಗೆ ತಲುಪುತ್ತಿದೆಯೆಂದು ತಿಳಿಯಬಹುದು. ಹೊಸದಾಗಿ ಸೌರ ಇನ್ವರ್ಟರ್ ಹಾಕಿಸಿದ ಮೇಲೆ ರಿಲೇ ತಪ್ಪತೊಡಗಿದ್ದರೆ ಅದನ್ನೂ ಹೇಳಿ, ಏಕೆಂದರೆ ಅಂಥ ಉಪಕರಣಗಳೊಳಗಿನ ಕೆಪಾಸಿಟರುಗಳು ಆ ದುರ್ಬಲ ಅಲೆಯನ್ನು ಹೀರಿ ರಿಲೇಗೆ ಕೇಳಿಸದಂತೆ ಮಾಡಬಲ್ಲವು.

ಬೋರ್ಡಿನಿಂದ ಸುಟ್ಟ ವಾಸನೆ ಬಂದರೆ, ರಿಲೇಯ ಸುತ್ತ ಕಂದು ಕಲೆ ಕಂಡರೆ ಅಥವಾ ನಿರಂತರವಾಗಿ ಜೋರಾಗಿ ಝೇಂಕರಿಸುತ್ತಿದ್ದರೆ ಪರೀಕ್ಷೆಗಳನ್ನೆಲ್ಲ ಬಿಡಿ. ಸುರಕ್ಷಿತವಾಗಿ ತಲುಪಲು ಸಾಧ್ಯವಿದ್ದರೆ ಮುಖ್ಯ ಸ್ವಿಚ್ ಆರಿಸಿ, ಲೈನ್ಸ್ ಕಂಪನಿಯ ತುರ್ತು ಸಂಖ್ಯೆಗೆ ಫೋನ್ ಮಾಡಿ. ಹೊಗೆ ಅಥವಾ ಬೆಂಕಿ ಕಂಡರೆ ಹೊರಗೆ ಬಂದು 111ಕ್ಕೆ ಕರೆ ಮಾಡಿ. 13 ಆಂಪಿಯರ್ ಕರೆಂಟನ್ನು ದಿನಕ್ಕೆ ಹಲವು ಬಾರಿ ಕಡಿದು ಕೂಡಿಸುವ ಸಂಪರ್ಕ ಬಿಂದುಗಳು ವರ್ಷಗಳ ನಂತರ ಸವೆಯುತ್ತವೆ, ಸವೆದ ಬಿಂದು ಕಾಯುತ್ತದೆ, ಕಾದದ್ದು ಇನ್ನಷ್ಟು ಸವೆಯುತ್ತದೆ.

ಎಲೆಕ್ಟ್ರಿಷಿಯನ್ ಮಾಡುವ ಅಳತೆ

ಎಲೆಕ್ಟ್ರಿಷಿಯನ್ ಏನನ್ನು ಅಳೆಯುತ್ತಾರೆ ಎಂಬುದನ್ನು ತಿಳಿದಿದ್ದರೆ ಅವರ ಉತ್ತರ ನಿಮಗೆ ಅರ್ಥವಾಗುತ್ತದೆ. ರಿಲೇಗೆ ಬರುವ ತಂತಿಯಲ್ಲಿ ನ್ಯೂಟ್ರಲ್‌ಗೆ ಎದುರಾಗಿ 230 ವೋಲ್ಟ್ ಇದ್ದು, ರಾತ್ರಿಯ ದರದ ಹೊತ್ತಿನಲ್ಲೂ ಅದರಿಂದ ಹೊರಡುವ ತಂತಿಯಲ್ಲಿ ಇಲ್ಲದಿದ್ದರೆ ರಿಲೇ ಅಥವಾ ಸಂಕೇತ ದೋಷಿ. ಎರಡೂ ಕಡೆ ಇದ್ದು ಸಿಲಿಂಡರಿನಲ್ಲಿ ಇಲ್ಲದಿದ್ದರೆ ನಡುವಿನ ಫ್ಯೂಸ್ ಅಥವಾ ತಂತಿ. ಸಿಲಿಂಡರಿನವರೆಗೂ ಇದ್ದರೆ ಥರ್ಮೋಸ್ಟ್ಯಾಟ್, ಅತಿತಾಪ ತಡೆಯುವ ಕಟ್‌ಔಟ್ ಅಥವಾ ಎಲಿಮೆಂಟ್. ಬ್ರೇಕರ್ ಇಳಿಸಿ ಬೀಗ ಹಾಕಿದ ಮೇಲೆ ಎಲಿಮೆಂಟಿನ ರೋಧವನ್ನು ಅಳೆದಾಗ 3 ಕಿಲೋವ್ಯಾಟಿನದಕ್ಕೆ ಸುಮಾರು 17.6 ಓಮ್, 2 ಕಿಲೋವ್ಯಾಟಿನದಕ್ಕೆ ಸುಮಾರು 26.5 ಓಮ್ ಬರಬೇಕು. ಅನಂತ ಎಂದು ತೋರಿಸಿದರೆ ಎಲಿಮೆಂಟ್ ಕಡಿದಿದೆ. ಕಟ್‌ಔಟ್ ಬಿದ್ದಿತ್ತು, ಒತ್ತಿ ಸರಿಮಾಡಿದೆ ಎಂದಷ್ಟೇ ಹೇಳಿ ಹೊರಟರೆ ಅದು ಏಕೆ ಬಿತ್ತು ಎಂದು ಕೇಳಿ. ಥರ್ಮೋಸ್ಟ್ಯಾಟ್ ಅಂಟಿಕೊಂಡು ನೀರು ಅತಿಯಾಗಿ ಕಾದಿರಬಹುದು, ಅದು ಮರುಕಳಿಸುತ್ತದೆ. ಕರೆಸುವ ಮುನ್ನ ಅವರ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದನ್ನು ಎಲೆಕ್ಟ್ರಿಕಲ್ ವರ್ಕರ್ಸ್ ರಿಜಿಸ್ಟ್ರೇಷನ್ ಬೋರ್ಡಿನ ಸಾರ್ವಜನಿಕ ಪಟ್ಟಿಯಲ್ಲಿ ನೋಡಬಹುದು. ರಿಲೇ ದೋಷವೆಂದು ತೀರ್ಮಾನವಾದರೆ ಅಳತೆಗಳನ್ನು ಬರಹದಲ್ಲಿ ಪಡೆಯಿರಿ. ಮುಂದಿನ ಫೋನ್ ಕರೆಯಲ್ಲಿ ಅದಕ್ಕಿಂತ ಬಲವಾದ ಮಾತು ಇನ್ನೊಂದಿಲ್ಲ.

ಮುಚ್ಚಿಕೊಂಡೇ ಉಳಿದ ರಿಲೇ

ಇದರ ವಿರುದ್ಧದ ದೋಷ ಹೆಚ್ಚು ಮೌನವಾದದ್ದು. ಸಂಪರ್ಕ ಬಿಂದುಗಳು ಬೆಸೆದುಕೊಂಡರೆ ರಿಲೇ ಎಂದೂ ತೆರೆಯುವುದಿಲ್ಲ. ನೀರು ಸದಾ ಬಿಸಿಯಾಗಿರುವುದರಿಂದ ಯಾರೂ ದೂರುವುದಿಲ್ಲ. ಚಳಿಗಾಲದ ಸಂಜೆ ಆರೂವರೆಗೆ, ಸ್ನಾನವಾದ ಮೇಲೆ, ಹಲವು ದಿನ ಮಿನುಗು ದೀಪದ ಪರೀಕ್ಷೆ ಮಾಡಿದಾಗಲೂ ಸಿಲಿಂಡರ್ ಎಳೆಯುತ್ತಲೇ ಇದ್ದರೆ ಅನುಮಾನಪಡಬಹುದು. ಆದರೆ ಜಾಲದ ಮೇಲೆ ಒತ್ತಡವಿಲ್ಲದ ದಿನ ಆರಿಸದೆಯೂ ಬಿಡುತ್ತಾರಾದ್ದರಿಂದ ಒಂದು ಸಂಜೆಯ ಸಾಕ್ಷ್ಯ ಸಾಲದು. ರಾತ್ರಿ ಮಾತ್ರದ ಸಂಪರ್ಕದಲ್ಲಿ ಮಧ್ಯಾಹ್ನದ ಹೊತ್ತು ಸಿಲಿಂಡರ್ ಕಾಯುತ್ತಿದ್ದರೆ ಅನುಮಾನ ಬಲವಾಗುತ್ತದೆ. ಆದರೂ ಕೆಲವು ರಾತ್ರಿ ದರಗಳಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಕಾಯಿಸುವ ಅವಕಾಶವಿರುವುದರಿಂದ ಮೊದಲು ನಿಮ್ಮ ದರದ ವಿವರವನ್ನು ನೋಡಿ. ಕಂಡುಬಂದರೆ ತಿಳಿಸಿ; ರಿಯಾಯಿತಿ ದರವನ್ನು ನಿಮಗೆ ಕೊಟ್ಟಿರುವುದೇ ಆರಿಸಲು ಸಾಧ್ಯವಾಗಲಿ ಎಂದು.

ಸಿಲಿಂಡರಿನೊಳಗೆ ನೀರು ಕುದಿಯುವ ಸದ್ದು ಬಂದರೆ ಅಥವಾ ಮಾಡಿನ ಮೇಲಿನ ಕೊಳವೆಯಿಂದ ಆವಿ ಹೊಮ್ಮಿದರೆ ಅದು ರಿಲೇಯ ದೋಷವಲ್ಲ, ಥರ್ಮೋಸ್ಟ್ಯಾಟಿನದು. ತಕ್ಷಣ ಬ್ರೇಕರ್ ಇಳಿಸಿ, ಬಿಸಿನೀರಿನ ನಲ್ಲಿಗಳಿಂದ ಮಕ್ಕಳನ್ನು ದೂರವಿಡಿ.

ಫೋನ್ ಮಾಡುವಾಗ

ಸಾಮಾನ್ಯವಾಗಿ ಮೊದಲು ಮಾತಾಡಬೇಕಾದದ್ದು ಬಿಲ್ ಕಳಿಸುವ ಕಂಪನಿಯೊಂದಿಗೆ. ‘ಬಿಸಿನೀರು ಇಲ್ಲ’ ಎಂದಷ್ಟೇ ಹೇಳಿದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಎಂಬ ಉತ್ತರ ಬರುತ್ತದೆ. ಅದರ ಬದಲು ನಿಮ್ಮ ಮನೆಯ ಸಂಪರ್ಕವನ್ನು ಗುರುತಿಸುವ, ಬಿಲ್ಲಿನಲ್ಲಿರುವ ಐಸಿಪಿ (ICP) ಸಂಖ್ಯೆ, ಯುಎನ್, ಸಿಎನ್ ಅಥವಾ ಐಎನ್ ಎಂಬ ಲೆಕ್ಕದ ಸಂಕೇತ, ನೀರು ತಣ್ಣಗಾದ ದಿನಾಂಕ, ಬ್ರೇಕರ್ ಮೇಲಿದೆ ಎಂಬುದು, ರಾತ್ರಿಯಿಡೀ ಸಿಎನ್ ಅಂಕಿ ಏರಿಲ್ಲ ಎಂಬುದು, ನೆರೆಯವರ ಸ್ಥಿತಿ, ಇವಿಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ. ಮನೆಯಲ್ಲಿ ಹಸುಗೂಸೋ ಕಾಯಿಲೆಯವರೋ ಇದ್ದರೆ ತಪ್ಪದೆ ತಿಳಿಸಿ. ಹೊಸ ರಿಲೇ ತರಲು ತಡವಾಗುವುದಾದರೆ ಅಧಿಕೃತ ತಂತ್ರಜ್ಞರು ತಾತ್ಕಾಲಿಕವಾಗಿ ರಿಲೇಯನ್ನು ದಾಟಿಸಿ ಸಿಲಿಂಡರಿಗೆ ನೇರ ಸಂಪರ್ಕ ಕೊಡಬಲ್ಲರು. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಕರೆಯ ಸಂಖ್ಯೆಯನ್ನೂ ಸಮಯವನ್ನೂ ಬರೆದಿಡಿ. ಕಂಪನಿಗಳು ಒಂದನ್ನೊಂದು ತೋರಿಸುತ್ತ ಕುಳಿತರೆ ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಬಗೆಹರಿಯದಿದ್ದರೆ ಯುಟಿಲಿಟೀಸ್ ಡಿಸ್ಪ್ಯೂಟ್ಸ್ ಎಂಬ ಉಚಿತ ವ್ಯಾಜ್ಯ ಪರಿಹಾರ ಸಂಸ್ಥೆಗೆ ಒಯ್ಯಬಹುದು.

ಬಾಡಿಗೆ ಮನೆಯಲ್ಲಿರುವವರು ಅದೇ ದಿನ ಮಾಲೀಕರಿಗೆ ಬರಹದಲ್ಲಿ ತಿಳಿಸಬೇಕು. ಸಿಲಿಂಡರ್ ಮತ್ತು ತಂತಿಗಳ ದುರಸ್ತಿ ಮಾಲೀಕರ ಹೊಣೆ. ಅಲಕ್ಷಿಸಿದರೆ 1986ರ ಬಾಡಿಗೆ ಕಾಯಿದೆಯ ಪ್ರಕಾರ 14 ದಿನಗಳ ನೋಟಿಸ್ ಕೊಟ್ಟು ಟೆನೆನ್ಸಿ ಟ್ರಿಬ್ಯುನಲ್‌ಗೆ ಹೋಗಬಹುದು. ಹೊಸದಾಗಿ ವಲಸೆ ಬಂದ ಅನೇಕರು ಮನೆ ಕೈತಪ್ಪೀತೆಂಬ ಅಂಜಿಕೆಯಿಂದ ವಾರಗಟ್ಟಲೆ ಕೆಟಲ್‌ನಲ್ಲಿ ನೀರು ಕಾಯಿಸಿಕೊಂಡು ಸುಮ್ಮನಿರುತ್ತಾರೆ, ಹಾಗಿರಬೇಕಾದ ಅಗತ್ಯವಿಲ್ಲ.

ಸರಿಹೋದ ನಂತರ

ತಣ್ಣಗಾದ 180 ಲೀಟರ್ ನೀರನ್ನು 15ರಿಂದ 60 ಡಿಗ್ರಿಗೆ ಏರಿಸಲು ಸುಮಾರು 9.4 ಯೂನಿಟ್ ಬೇಕು. 3 ಕಿಲೋವ್ಯಾಟಿನ ಎಲಿಮೆಂಟಿಗೆ ಮೂರು ಗಂಟೆಗೂ ತುಸು ಹೆಚ್ಚು, 2 ಕಿಲೋವ್ಯಾಟಿನದಕ್ಕೆ ಐದು ಗಂಟೆಗೆ ತುಸು ಕಡಿಮೆ ಹಿಡಿಯುತ್ತದೆ. ಅಷ್ಟು ಹೊತ್ತು ಬಿಸಿನೀರನ್ನು ಬಳಸದೆ ಪೂರ್ತಿ ಕಾಯಲು ಬಿಡಿ. ಇದು ಅನುಕೂಲದ ಮಾತಷ್ಟೇ ಅಲ್ಲ. ದಿನಗಟ್ಟಲೆ ಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು, ಶವರಿನ ಹನಿಗಳ ಮೂಲಕ ಅದು ಶ್ವಾಸಕೋಶ ಸೇರಿದರೆ ತೀವ್ರ ನ್ಯುಮೋನಿಯಾ ಬರಬಹುದು. ಶೇಖರಿಸಿದ ನೀರು 60 ಡಿಗ್ರಿಗೆ ಕಡಿಮೆಯಾಗದಂತೆ ಇಡಬೇಕೆಂದು ನ್ಯೂಜಿಲೆಂಡಿನ ಕಟ್ಟಡ ನಿಯಮಗಳ ಜಿ12 ವಿಭಾಗ ಹೇಳುವುದು ಇದಕ್ಕಾಗಿಯೇ. ಬಿಲ್ ಇಳಿಸುವ ಆಸೆಯಿಂದ ಥರ್ಮೋಸ್ಟ್ಯಾಟನ್ನು 50ಕ್ಕೆ ಇಳಿಸಿದರೆ ಆರೋಗ್ಯಕ್ಕೂ ಕೇಡು, ರಿಲೇ ಆರಿದ ಗಂಟೆಗಳಲ್ಲಿ ನೀರೂ ಬೇಗ ಮುಗಿಯುತ್ತದೆ.

ರಿಲೇ ಅಥವಾ ಮೀಟರ್ ಬದಲಾಯಿಸಿದ್ದರೆ ಮುಂದಿನ ಎರಡು ಬಿಲ್ಲುಗಳಲ್ಲಿ ಲೆಕ್ಕದ ಸಂಕೇತ ಮೊದಲಿನಂತೆಯೇ ಇದೆಯೇ ಎಂದು ನೋಡಿ. ತಾತ್ಕಾಲಿಕವಾಗಿ ರಿಲೇಯನ್ನು ದಾಟಿಸಿದಾಗ ದರವನ್ನು ಯುಎನ್24ಕ್ಕೆ ಬದಲಿಸಿ, ಹೊಸ ರಿಲೇ ಬಂದ ಮೇಲೂ ಹಾಗೆಯೇ ಬಿಟ್ಟುಬಿಡುವುದುಂಟು. ಆಗ ನಿಯಂತ್ರಣಕ್ಕೆ ಒಳಪಟ್ಟಿದ್ದೂ ರಿಯಾಯಿತಿ ಸಿಗದೆ ನೀವು ಪೂರ್ಣ ದರ ಕಟ್ಟುತ್ತಿರುತ್ತೀರಿ. ಮನೆಯ ಕೆಲಸ ಮಾಡಿದ ಎಲೆಕ್ಟ್ರಿಷಿಯನ್‌ನಿಂದ ಎಲೆಕ್ಟ್ರಿಕಲ್ ಸೇಫ್ಟಿ ಸರ್ಟಿಫಿಕೇಟ್ ಪಡೆದು, ಹೊಸ ರಿಲೇ ಹಾಕಿದ ದಿನಾಂಕದೊಂದಿಗೆ ಮೀಟರಿನ ಕಾಗದಪತ್ರಗಳ ಜೊತೆಗೆ ಇಟ್ಟುಕೊಳ್ಳಿ.